ಕೊನೇ ಪಂಕ್ತಿಯ ದೆವ್ವ

ಬದರೀನಾರಾಯಣನಿಗೆ ತನ್ನ ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಶುರುವಾದದ್ದು ಒಬ್ಬಟ್ಟಿನಿಂದ. ಇದನ್ನು ಅವನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ನಲವತ್ತೈದು ದಾಟಿದ, ಬಸವನಗುಡಿಯ ಕಾಲೇಜೊಂದರಲ್ಲಿ ಅಕೌಂಟೆನ್ಸಿ ಪಾಠ ಹೇಳುವ ಮನುಷ್ಯ, ನನಗೆ ಅತ್ತೆ ಎರಡನೇ ಒಬ್ಬಟ್ಟು ಹಾಕೋದಿಲ್ಲ ಅಂತ ಕೊರಗಿದರೆ ಕೇಳಿದವರು ಏನಂದುಕೊಂಡಾರು?

ವಿಷಯ ಇಷ್ಟು. ಮದುವೆಯಾದ ಮೊದಲನೇ ದೀಪಾವಳಿಗೆ ಚಾಮರಾಜಪೇಟೆಯ ಮಾವನ ಮನೆಗೆ ಹೋದಾಗ ಬದರಿಗೆ ಹೊಟ್ಟೆ ಕೆಟ್ಟಿತ್ತು. ಅತ್ತೆ ರಂಗನಾಯಕಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದಾಗ ಅವನು ಸಾಕು ಅಂದ. ಎಲ್ಲ ಅಳಿಯಂದಿರೂ ಹಾಗೇ ಅನ್ನುತ್ತಾರೆ. ಆದರೆ ಅನ್ನುವಾಗ ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳುಗಳು ಅಗಲವಾಗಿ ಬಿಡಿಸಿಕೊಂಡಿರುತ್ತವೆ. ಹಾಕುವವರಿಗೆ ಒಂದು ಸಂದಿ ಬೇಕಲ್ಲ. ಬದರಿ ಬೆರಳು ಬಿಡಿಸಲಿಲ್ಲ. ನಿಜವಾಗಿ ಸಾಕು ಅಂದ ಅಳಿಯನನ್ನು ಆ ಮನೆ ನೋಡಿದ್ದು ಅದೇ ಮೊದಲು. ಅವತ್ತು ಸಂಜೆಯೊಳಗೆ ಹೊಟ್ಟೆ ಸರಿಹೋಯಿತು, ಹೆಸರು ಮಾತ್ರ ಉಳಿದುಹೋಯಿತು. ನಮ್ಮ ಬದರಿ ಮಿತಾಹಾರಿ. ಅವರಿಗೆ ಸಾಕು ಅಂದ್ರೆ ಸಾಕು, ಬಲವಂತ ಮಾಡ್ಬಾರದು. ಅತ್ತೆ ಇದನ್ನು ಬಂಧುಬಳಗದ ಮುಂದೆಲ್ಲ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಆಮೇಲೆ ಎಷ್ಟು ದೀಪಾವಳಿ ಬಂದರೂ ತಟ್ಟೆ ಅವನ ಎಲೆಯ ಮುಂದೆ ಒಂದು ಕ್ಷಣ ನಿಂತು, ಅವನು ಸಾಕು ಅನ್ನುವುದನ್ನು ಮರ್ಯಾದೆಯಿಂದ ಕೇಳಿಸಿಕೊಂಡು, ಮುಂದೆ ಹೋಗಿಬಿಡುತ್ತಿತ್ತು.

ಮುಂದಿನ ಎಲೆ ಶ್ರೀಹರಿಯದು. ಬದರಿಯ ಹೆಂಡತಿ ವಾಣಿಯ ತಂಗಿ ಮೈತ್ರೇಯಿಯ ಗಂಡ. ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ, ಲಾರಿಯವರ ಜೊತೆ ಕೂಗಾಡಿ ಪಳಗಿದ ಗಂಟಲು. ಯಾರ ಮನೆಗೆ ಹೋದರೂ ಅವನು ಹೊಸ್ತಿಲು ದಾಟುವ ಮೊದಲೇ ಅವನದೊಂದು ಜೋಕು ಒಳಗೆ ಹೋಗಿ ಕೂತಿರುತ್ತಿತ್ತು. ಒಬ್ಬಟ್ಟು ಬಂದರೆ ಎರಡೂ ಮೊಣಕೈ ಎಲೆಯ ಮೇಲೆ ಅಡ್ಡ ಇಟ್ಟು, "ಅತ್ತೆ, ನಿಮ್ಮ ಮಗಳ ಕುಂಕುಮ ನಿಮ್ಮ ಕೈಲಿದೆ," ಅನ್ನುತ್ತಿದ್ದ. ರಂಗನಾಯಕಿ ಬಿಡ್ತು ಅನ್ನಿ ಅಂತ ಗದರಿಸಿ, ನಗುತ್ತ, ಮೊಣಕೈ ಪಕ್ಕದಿಂದ ಒಂದನ್ನು ಜಾರಿಸಿ, ಅದರ ಮೇಲೆ ಇನ್ನೊಂದಿಟ್ಟು, ತುಪ್ಪ ಸುರಿಯುತ್ತಿದ್ದರು. ಪಕ್ಕದಲ್ಲಿ ಮಿತಾಹಾರಿ ಮಜ್ಜಿಗೆ ಅನ್ನ ಕಲಸುತ್ತಿದ್ದ.

ಒಬ್ಬಟ್ಟು ಹಾಳಾಗಿ ಹೋಗಲಿ. ವಾಣಿ ನಗುತ್ತಿದ್ದಳು, ಅದನ್ನು ತಡೆಯಲು ಆಗುತ್ತಿರಲಿಲ್ಲ. ಮನೆಯಲ್ಲಿ ಗಂಡ ಹೆಂಡತಿ ನಡುವೆ ಇದ್ದದ್ದು ಹಾಲು ತಂದ್ರಾ, ಗ್ಯಾಸ್ ಬುಕ್ ಮಾಡಿದ್ಯಾ, ಲಾಸ್ಯಾಳ ಶೂ ಚಿಕ್ಕದಾಗಿದೆ, ಇಂಥ ಮಾತು. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು, ಕಾಲೇಜಿಗೆ ಹೋಗಿ, ಅಲ್ಲಿಂದ ಟ್ಯೂಷನ್ನಿಗೆ ಹೋಗಿ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬದರಿಯ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಹಾಗೆ ಸುಸ್ತಾಗಿ ಕೂತವನ ತೋಳಿಗೆ ಒರಗಿ ಲಾಸ್ಯಾ, "ಚಿಕ್ಕಪ್ಪ ಯಾವಾಗ ಬರ್ತಾರೆ?" ಅಂತ ಕೇಳುತ್ತಿದ್ದಳು.

ಷಡ್ಡಕನ ಹತ್ತಿರ ಇಲ್ಲದೆ ತನ್ನ ಹತ್ತಿರ ಮಾತ್ರ ಇದ್ದದ್ದು ಒಂದೇ ಒಂದು. ಬದರಿ ಸಿನಿಮಾ ಕಥೆ ಬರೆಯುತ್ತಿದ್ದ. ಹಾರರ್. ಬಸವನಗುಡಿಯ ಹಳೇ ಬಂಗಲೆ, ಅದರಲ್ಲಿ ಒಂದು ಬೆಲ್ಜಿಯಂ ಕನ್ನಡಿ, ಕನ್ನಡಿಯ ಹಿಂದೆ ಒಂದು ಕೋಣೆ. ವರ್ಷಗಟ್ಟಲೆ ತಿದ್ದಿ ತಿದ್ದಿ ಆ ಕೋಣೆಯ ಗೋಡೆಗಳೇ ಸವೆದಿದ್ದವು. ಓದಿದವಳು ವಾಣಿ ಒಬ್ಬಳೇ. ಓದಿ, ಚೆನ್ನಾಗಿದೆ, ಆದ್ರೆ ನೀವು ಯಾರಿಗೂ ಹೇಳೋದೇ ಇಲ್ವಲ್ಲ, ಹೇಳದೇ ಇದ್ರೆ ಯಾರಿಗೆ ಗೊತ್ತಾಗುತ್ತೆ ಅಂದಿದ್ದಳು.

ಅದಕ್ಕೆ ತಕ್ಕ ಹಾಗೆ ವಾಣಿಯ ಚಿಕ್ಕಪ್ಪನ ಮಗಳು ಯಶಶ್ರೀಯ ಮದುವೆ ಬಂತು. ಚಾಮರಾಜಪೇಟೆಯಲ್ಲೇ ಛತ್ರ. ಹುಡುಗನ ಅಪ್ಪನ ಸ್ನೇಹಿತ ಶರಣ್ ಅನ್ನುವವರು ಬರುತ್ತಾರೆ, ನಿರ್ಮಾಪಕರು, ಹಾರರ್ ಸಿನಿಮಾಗಳನ್ನೇ ತೆಗೆಯುವವರು ಎಂದು ವಾಣಿ ಸುದ್ದಿ ತಂದಳು. ಮುಹೂರ್ತಕ್ಕೆ ಶರಣ್ ಬರಲಿಲ್ಲ. ಆರತಕ್ಷತೆಯ ಸಾಲಲ್ಲೂ ಇರಲಿಲ್ಲ. ಬದರಿ ಬೆಳಗಿನ ತಿಂಡಿಯನ್ನೂ ಬಿಟ್ಟು ಬಾಗಿಲಲ್ಲೇ ಕಾದ. ಅವರು ಬಂದದ್ದು ಊಟದ ಹೊತ್ತು ಮುಗಿಯುತ್ತ ಬಂದಾಗ. ಊಟ ಮಾಡಿ ನೇರ ಏರ್‌ಪೋರ್ಟಿಗೆ ಹೋಗಬೇಕು, ಕ್ಷಮಿಸಿ, ಅಂದರು. ಹಾಗಾಗಿ ಮನೆಯವರ ಜೊತೆ ಕೊನೇ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿದರು.

ಬದರಿ ಬಾಗಿಲು ಬಿಟ್ಟು ಒಳಗೆ ಓಡಿದ. ಕೊನೇ ಪಂಕ್ತಿ ಅಂದರೆ ರಂಗನಾಯಕಿಯ ಪಂಕ್ತಿ. ಮುಂಚಿನ ಪಂಕ್ತಿಗಳಲ್ಲಿ ಈಗಿನ ಕಾಲದ ಹಾಗೆ ಮುಗಿಸಿದವರು ಎದ್ದು ಹೋಗುತ್ತಿದ್ದರು, ಕುರ್ಚಿಯ ಹಿಂದೆ ನಿಂತವರು ಜಾಗ ಹಿಡಿಯುತ್ತಿದ್ದರು. ಮನೆಯವರು ಕೂತಾಗ ಆ ಆಟ ನಡೆಯುತ್ತಿರಲಿಲ್ಲ. ಕೊನೆಯ ಎಲೆಯವರು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಹಿಂದೊಂದು ಮದುವೆಯಲ್ಲಿ ಅರ್ಧ ಎದ್ದ ಬೀಗರೊಬ್ಬರನ್ನು ಅತ್ತೆ ಬರೀ ಕಣ್ಣಲ್ಲೇ ಕೂರಿಸಿದ್ದರು. ಅಂದರೆ ಕೋಸಂಬರಿಯಿಂದ ಮಜ್ಜಿಗೆಯವರೆಗೆ ನಿರ್ಮಾಪಕರು ಎಲ್ಲಿಗೂ ಹೋಗುವ ಹಾಗಿಲ್ಲ. ಇಂಥ ಅವಕಾಶ ಇನ್ನು ಬರುವುದಿಲ್ಲ.

ಅವನು ಶರಣ್ ಪಕ್ಕದ ಕುರ್ಚಿಗೆ ಕೈ ಹಾಕುವಷ್ಟರಲ್ಲಿ ಶ್ರೀಹರಿ ಅದರಲ್ಲಿ ಕೂತಾಗಿತ್ತು.

"ಬನ್ನಿ ಭಾವ, ನನ್ನ ಪಕ್ಕ ಕೂತ್ಕೊಳ್ಳಿ. ನಿಮ್ಮ ಒಬ್ಬಟ್ಟು ನಂಗೆ ಬರುತ್ತೆ."

ಎದುರು ಸಾಲಿನಲ್ಲಿ ವಾಣಿ, ಮೈತ್ರೇಯಿ, ಲಾಸ್ಯಾ. ಮೂವರೂ ನಕ್ಕರು. ಬದರಿ ಮೂರನೆಯವನಾಗಿ ಕೂತ.

ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು. ಬದರಿ ಷಡ್ಡಕನ ಎದೆಯ ಮೇಲಿಂದ ಬಗ್ಗಿ ತನ್ನ ಪರಿಚಯ ಹೇಳಿಕೊಂಡು ಕಥೆ ಶುರುಮಾಡಿದ. ಬಂಗಲೆ ಹೇಳಿದ, ಕನ್ನಡಿ ಹೇಳಿದ, ನಾಯಕಿಯ ಬಾಲ್ಯ ಹೇಳಿದ. ಪಾಠ ಹೇಳಿ ಅಭ್ಯಾಸ, ಪ್ರತಿ ಘಟ್ಟದಲ್ಲೂ ಹಿಂದೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿ ಮುಂದೆ ಹೋಗುತ್ತಿದ್ದ. ಶರಣ್ ಮರ್ಯಾದಸ್ಥರು, ತೊವ್ವೆ ಅನ್ನ ಮುಗಿಯುವ ತನಕ ತಲೆಯಾಡಿಸಿದರು. ಹುಳಿ ಅನ್ನದ ಹೊತ್ತಿಗೆ ಎಡಗೈಯಲ್ಲಿ ಫೋನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ದೆವ್ವ ಯಾವಾಗ ಬರುತ್ತೆ ಸರ್?"

"ಅದೇ ಸರ್, ದೆವ್ವ ಇದೆಯೋ ಇಲ್ವೋ ಅನ್ನೋದೇ ಇಲ್ಲಿ ಮುಖ್ಯ ಪ್ರಶ್ನೆ."

"ಟಿಕೆಟ್ ತಗೊಂಡೋರಿಗೆ ಆ ಪ್ರಶ್ನೆ ಬರಬಾರದು ಸರ್," ಅಂದರು ಶರಣ್, ಬೇಸರವೇನೂ ಇಲ್ಲದೆ.

ಎದುರಿಗೆ ವಾಣಿ ಹಪ್ಪಳ ಮುರಿಯುವುದರಲ್ಲಿ ಮಗ್ನಳಾದಂತೆ ಮಾಡಿದಳು. ಆ ಮೌನವನ್ನು ಯಾರಾದರೂ ತುಂಬಲೇಬೇಕಿತ್ತು, ಮೌನ ಕಂಡರೆ ಸುಮ್ಮನಿರದವನು ನಡುವೆಯೇ ಕೂತಿದ್ದ.

"ನಾನೊಂದು ಹೇಳ್ತೀನಿ ಕೇಳಿ. ಹಾರರ್ರು. ಇದೇ ಛತ್ರ, ಇದೇ ಊಟ," ಅಂದ ಶ್ರೀಹರಿ, ಸಾರು ಹಾಕಿಸಿಕೊಳ್ಳಲು ಅನ್ನದಲ್ಲಿ ಗುಂಡಿ ಮಾಡುತ್ತ. "ಕೊನೇ ಪಂಕ್ತಿ. ಆ ತುದೀಲಿ ಒಬ್ಬ ಮುದುಕಪ್ಪ ಕೂತಿದಾನೆ. ಪಂಚೆ, ಶಲ್ಯ. ಯಾರು? ಹುಡುಗಿ ಕಡೆಯೋರು ಹುಡುಗನ ಕಡೆಯೋನು ಅಂದ್ಕೊಂಡಿದಾರೆ. ಹುಡುಗನ ಕಡೆಯೋರು ಹುಡುಗಿ ಕಡೆಯೋನು ಅಂದ್ಕೊಂಡಿದಾರೆ."

ಶರಣ್ ಫೋನು ಜೇಬಿಗೆ ಹಾಕಿದರು.

ಆಮೇಲೆ ಶ್ರೀಹರಿ ಹೇಳಿದ್ದು ಹೀಗೆ. ಎಲ್ಲರ ಊಟವೂ ಮುಗಿಯುತ್ತದೆ, ಮುದುಕನದು ಮುಗಿಯುವುದಿಲ್ಲ. ಒಂದೊಂದೇ ಅಗುಳು. ಎಂಜಲು ಕೈ ಒಣಗಿಸಿಕೊಂಡು ಎಲ್ಲರೂ ಕಾಯುತ್ತಾರೆ, ಅವನನ್ನು ಬಿಟ್ಟು ಏಳುವುದು ಹೇಗೆ? ಅಂತೂ ಬಡಿಸುವವನು ಅವನ ಮುಂದೆ ಮಜ್ಜಿಗೆ ತರುತ್ತಾನೆ. ಎಲ್ಲರಿಗೂ ಉಸಿರು ಬರುತ್ತದೆ. ಮುದುಕ ತಲೆ ಎತ್ತಿ, ಮೊದಲ ಸಲ ಬಾಯಿ ಬಿಡುತ್ತಾನೆ.

ಇಲ್ಲಿ ಶ್ರೀಹರಿ ತುತ್ತು ನುಂಗಿ, ದನಿ ಇಳಿಸಿದ.

"'ಸ್ವಲ್ಪ ಸಾರು.'"

ಮೈತ್ರೇಯಿಗೆ ನೆತ್ತಿಗೆ ಹತ್ತಿತು. ಲಾಸ್ಯಾ ಮೇಜು ಗುದ್ದಿದಳು. ಪಲ್ಯದ ಬಕೆಟ್ ಹಿಡಿದವನು ಬಡಿಸುವುದು ಬಿಟ್ಟು ನಿಂತ.

ಶ್ರೀಹರಿಗೆ ಇನ್ನು ತಡೆಯೇ ಇರಲಿಲ್ಲ. ಹೊಸ ಕಾಲದ ಹುಡುಗನೊಬ್ಬ ಇದೆಲ್ಲ ಮೂಢನಂಬಿಕೆ ಅಂತ ಎದ್ದೇಬಿಡುತ್ತಾನೆ. ಕರೆಂಟ್ ಹೋಗುತ್ತದೆ. ಬಂದಾಗ ನೋಡಿದರೆ ಹುಡುಗ ಮತ್ತೆ ಕುರ್ಚಿಯಲ್ಲೇ ಇದ್ದಾನೆ, ಮುಂದೆ ಹೊಸ ಎಲೆ, ಎಲೆಯ ಮೂಲೆಯಲ್ಲಿ ಉಪ್ಪು. ಮೊದಲಿಂದ ಊಟ. ಛತ್ರದ ಮ್ಯಾನೇಜರ್ ಬಂದು ಹಾಲ್ ಖಾಲಿ ಮಾಡಿ ಎಂದು ಕೂಗುತ್ತಾನೆ, ಜನಕ್ಕೆ ದೆವ್ವಕ್ಕಿಂತ ಅವನನ್ನು ಕಂಡರೇ ಭಯ. ಮುದುಕ ತಿರುಗಿ ನೋಡಿ ಒಂದೇ ಮಾತು ಕೇಳುತ್ತಾನೆ, ಊಟ ಆಯ್ತಾ? ಕೇಳಿದ ಮೇಲೆ ಮುಗಿಯಿತು, ಮ್ಯಾನೇಜರ್ ಪಂಕ್ತಿಯಲ್ಲಿದ್ದಾನೆ. ಮಂತ್ರ ಹಾಕಲು ಮಲ್ಲೇಶ್ವರದಿಂದ ಪುರೋಹಿತರು ಬರುತ್ತಾರೆ. ಊಟ ಆಯ್ತಾ? ಪೊಲೀಸಿನವರು ಬರುತ್ತಾರೆ. ಊಟ ಆಯ್ತಾ? ಮೇಜು ಸಾಲದೆ ಪಂಕ್ತಿ ಬಾಗಿಲು ದಾಟುತ್ತದೆ, ಬೀದಿಗೆ ಬರುತ್ತದೆ, ಬುಲ್ ಟೆಂಪಲ್ ರಸ್ತೆ ಹಿಡಿದು ಬಸವನಗುಡಿ ಕಡೆ ತಿರುಗುತ್ತದೆ. ನ್ಯಾಷನಲ್ ಕಾಲೇಜು ಮೆಟ್ರೋದಿಂದ ಇಳಿದವರೆಲ್ಲ ಬ್ಯಾಗ್ ಪಕ್ಕಕ್ಕಿಟ್ಟು ಎಲೆಗೆ ನೀರು ಚಿಮುಕಿಸುತ್ತಿದ್ದಾರೆ. ಅತ್ತ ಛತ್ರದ ತುದಿಯಲ್ಲಿ ಅವನು. ಒಂದೊಂದೇ ಅಗುಳು.

ಶರಣ್ ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡರು. ಬದರಿ ನೋಡಿದ್ದು ಅವರನ್ನಲ್ಲ, ವಾಣಿಯನ್ನು. ಅವಳು ಸೆರಗು ಬಾಯಿಗೆ ಒತ್ತಿ, ಭುಜ ಕುಣಿಸುತ್ತ, ಸದ್ದೇ ಇಲ್ಲದೆ ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಾಂಧಿ ಬಜಾರಿನಲ್ಲಿ ನಡೆದು ಹೋಗುವಾಗ ಅವಳು ಹೀಗೆ ನಗುತ್ತಿದ್ದಳು. ಆಗ ನಗಿಸುತ್ತಿದ್ದವನು ಯಾರು ಅಂತ ಬದರಿ ನೆನಪು ಮಾಡಿಕೊಂಡ. ತಾನೇ. ಯಾವ ಮಾತಿಗೆ ಅನ್ನುವುದು ಮಾತ್ರ ನೆನಪಾಗಲಿಲ್ಲ. ಅವನಿಗೆ ಷಡ್ಡಕನ ಎಲೆ ಎತ್ತಿ ಷಡ್ಡಕನ ತಲೆ ಮೇಲೆ ಹಾಕಬೇಕು ಅನ್ನಿಸಿತು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಕಥೆ ಚೆನ್ನಾಗಿತ್ತು. ದೆವ್ವ ಚೆನ್ನಾಗಿತ್ತು. ವರ್ಷಗಟ್ಟಲೆ ಕನ್ನಡಿ ಒರೆಸಿದವನಿಗೆ ಕಾಣದ ದೆವ್ವ, ಸಾರು ಕಲಸುತ್ತ ಕೂತವನಿಗೆ ಸಿಕ್ಕಿಬಿಟ್ಟಿತ್ತು. ದೆವ್ವಕ್ಕೂ ಶ್ರೀಹರಿಯೇ ಬೇಕಾಯಿತೇ?

"ಸರಿ ಸ್ವಾಮಿ, ಆಮೇಲೆ?" ಅಂದರು ಶರಣ್. "ಅವನನ್ನ ಎಬ್ಬಿಸೋದು ಹೇಗೆ?"

ಶ್ರೀಹರಿಯ ಕೈ ನಿಂತಿತು. ಅವನ ಕಥೆಗಳು ನಗು ಬಂದ ಕಡೆ ನಿಲ್ಲುತ್ತಿದ್ದವು, ಅದರಾಚೆ ಹೋಗುವ ಕೆಲಸ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಆಂಜನೇಯನ ಗುಡಿಯ ತೀರ್ಥ ಹಾಕುತ್ತಾರೆ ಅಂದ. ಬೇಡ, ಮೆಣಸಿನಕಾಯಿ ಬೋಂಡ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂದ. ಹೀರೋ ಹೆಲಿಕಾಪ್ಟರಿನಿಂದ ಇಳಿದು ಎಲೆಯನ್ನೇ ಎತ್ತಿಕೊಂಡು ಹೋಗುತ್ತಾನೆ ಅಂದ. ಶರಣ್ ಮುಖದ ನಗು ಒಂದೊಂದು ಮಾತಿಗೂ ಒಂದೊಂದು ಮೆಟ್ಟಿಲು ಇಳಿಯಿತು. ದೆವ್ವಕ್ಕೆ ಏನು ಬೇಕು ಅಂತ ಗೊತ್ತಿಲ್ಲದೆ ಸಿನಿಮಾ ಮುಗಿಸಕ್ಕಾಗಲ್ಲ ಸ್ವಾಮಿ, ತಮಾಷೆಯಾಗಿ ಉಳಿದುಹೋಗುತ್ತೆ ಅಂದರು. ಫೋನು ಮತ್ತೆ ಕೈಗೆ ಬಂತು.

ಬದರಿಯ ಹೊಟ್ಟೆಕಿಚ್ಚಿಗೆ ತಣ್ಣೀರು ಹೊಯ್ದಂತಾಯಿತು.

ಅಷ್ಟರಲ್ಲಿ ಎರಡನೇ ಸುತ್ತಿನ ಒಬ್ಬಟ್ಟು ಬಂತು. ಶ್ರೀಹರಿ ಬೆರಳು ಅಗಲಿಸಿ ಬೇಡ ಬೇಡ ಅಂದು ಎರಡು ಹಾಕಿಸಿಕೊಂಡ. ತಟ್ಟೆ ಬದರಿಯ ಮುಂದೆ ಬಂತು. ಬೆಳಗಿನಿಂದ ಖಾಲಿ ಹೊಟ್ಟೆ, ಮೊದಲನೇ ಒಬ್ಬಟ್ಟು ಎಲ್ಲಿ ಹೋಯಿತೋ ತಿಳಿದಿರಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ಅಂದಿತು, ಸಾಕು. ಬಡಿಸುವವನು ಸರಿ ಸ್ವಾಮಿ ಅಂದು ಮುಂದೆ ನಡೆದ. ಬದರಿ ಕತ್ತು ಹೊರಳಿಸಿ ತಟ್ಟೆಯನ್ನೇ ನೋಡಿದ. ಅದು ಮೇಜು ಬಳಸಿಕೊಂಡು, ಕಂಬ ದಾಟಿ, ಅಡುಗೆಮನೆಯ ಬಾಗಿಲಲ್ಲಿ ಮರೆಯಾಗುವ ತನಕ ನೋಡಿದ. ಆ ಬಾಗಿಲನ್ನು ಇನ್ನೂ ನೋಡುತ್ತಿರುವಾಗಲೇ ಮುದುಕನಿಗೆ ಏನು ಬೇಕು ಅಂತ ಅವನಿಗೆ ಗೊತ್ತಾಯಿತು.

ಗೊತ್ತಾಯಿತು, ಬಾಯಿ ಮುಚ್ಚಿಕೊಂಡ. ಯಾಕೆ ಹೇಳಬೇಕು? ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಮಜ್ಜಿಗೆ ಬರುತ್ತದೆ, ಶರಣ್ ಏಳುತ್ತಾರೆ, ಏರ್‌ಪೋರ್ಟ್ ಸೇರುವಷ್ಟರಲ್ಲಿ ಕನ್ನಡಿಯೂ ಮರೆತಿರುತ್ತದೆ, ಮುದುಕನೂ ಮರೆತಿರುತ್ತಾನೆ. ತನ್ನದು ಹೋಗಿಯೇ ಹೋಯಿತು. ಶ್ರೀಹರಿಯದೂ ಹೋಗಲಿ. ಎಲೆಯಲ್ಲಿ ಉಳಿದಿದ್ದ ಉಪ್ಪನ್ನು ಬೆರಳಲ್ಲಿ ಗುಡ್ಡೆ ಮಾಡುತ್ತ ಅವನು ಆ ಸುಖವನ್ನು ಚಪ್ಪರಿಸಿದ.

"ಇನ್ನೊಂದು ಇದೆ ನೋಡಿ," ಅಂದ ಶ್ರೀಹರಿ. "ಕೊನೆಗೆ ಗೊತ್ತಾಗೋದು, ಅವನು ದೆವ್ವಾನೇ ಅಲ್ಲ. ಪಕ್ಕದ ಛತ್ರದ ಓನರ್ರು. ಇಲ್ಲಿ ಹೆಸರು ಕೆಡಿಸಕ್ಕೆ ಬಂದಿರ್ತಾನೆ."

ಇದನ್ನು ಬದರಿಗೆ ಸಹಿಸಲಾಗಲಿಲ್ಲ. ಅಂಥ ದೆವ್ವವನ್ನು ಠಕ್ಕನನ್ನಾಗಿ ಮಾಡುವುದೇ? ಒಳ್ಳೆ ಮನೆಯ ಮಗುವನ್ನು ಸಂತೆಯಲ್ಲಿ ಬಿಟ್ಟುಬಂದ ಹಾಗೆ ಅನ್ನಿಸಿತು ಅವನಿಗೆ. ಮಗು ತನ್ನದಲ್ಲ, ನಿಜ, ಆದರೂ.

"ಅವನು ದೆವ್ವಾನೇ," ಅಂದ ಬದರಿ. ದನಿ ಅವನೆಣಿಸಿದ್ದಕ್ಕಿಂತ ಜೋರಾಗಿತ್ತು. ಸಾಲಿನಲ್ಲಿ ಅಲ್ಲಲ್ಲಿ ತಲೆ ತಿರುಗಿತು. "ಅವನಿಗೆ ಬೇಕಾಗಿರೋದು ಒಂದು ಒಬ್ಬಟ್ಟು."

ಶರಣ್ ಮುಂದಕ್ಕೆ ಬಗ್ಗಿದರು. ಈ ಸಲ ಶ್ರೀಹರಿಯೇ ಹಿಂದಕ್ಕೆ ಸರಿದು ದಾರಿ ಬಿಟ್ಟ.

"ಬದುಕಿದ್ದಾಗ ಇಂಥದೇ ಪಂಕ್ತೀಲಿ ಕೂತಿದ್ದ. ಒಬ್ಬಟ್ಟು ತಂದ್ರು. ಸಾಕು ಅಂದ. ಮರ್ಯಾದೆಗೆ ಅಂದ, ಎಲ್ಲರೂ ಅನ್ನಲ್ವಾ. ಆದ್ರೆ ಇವನು ಅಂದದ್ದನ್ನ ಅವರು ನಂಬಿಬಿಟ್ರು. ಮುಂದಿನ ಎಲೆಗೆ ಹೋಗಿಬಿಟ್ರು. ಇನ್ನೊಂದ್ಸಲ ಕೇಳ್ತಾರೆ ಅಂತ ಅವನು ಕಾದ. ಬಾಯಿ ಬಿಟ್ಟು ಕೇಳಕ್ಕಾಗತ್ತಾ? ಮನೆಯವರೇ ಬಂದು ಬಲವಂತ ಮಾಡ್ಬೇಕು. ಯಾರೂ ಬರಲಿಲ್ಲ. ಕಾಯ್ತಾನೇ ಹೋಗ್ಬಿಟ್ಟ. ಈಗ್ಲೂ ಪ್ರತಿ ಮದುವೇಲೂ ಕೂತು ಕಾಯ್ತಾನೆ. ಒಬ್ಬಟ್ಟು ಬರುತ್ತೆ, ಸಾಕು ಅಂತಾನೆ, ಹೋಗುತ್ತೆ. ತೀರ್ಥ ಬೇಡ, ಮಂತ್ರ ಬೇಡ. ಯಾರಾದ್ರೂ ಒಬ್ಬರು ಅವನ ಮಾತು ಕೇಳಿಸ್ಕೊಳ್ದೆ, ಕೈ ಸರಿಸಿ, ಒಂದು ಹಾಕ್ಬಿಡ್ಬೇಕು. ಅಷ್ಟೇ. ಅವನು ತಿಂದು, ಎಲೆ ಮಡಚಿ, ಎದ್ದು ಹೋಗ್ತಾನೆ."

ಯಾರೂ ನಗಲಿಲ್ಲ. ಲಾಸ್ಯಾ ಕೂಡ. ಬದರಿಗೆ ಅಯ್ಯೋ ಮತ್ತೆ ಕೆಡಿಸಿದೆನಲ್ಲ ಅನ್ನಿಸಿತು. ತಲೆ ಎತ್ತಿದರೆ ವಾಣಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಅವನನ್ನು ನೋಡುತ್ತಿದ್ದಳು, ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನಲ್ಲ ಅನ್ನುವವಳ ಹಾಗೆ.

"ಮುಗೀತು," ಅಂದರು ಶರಣ್, ನಿಧಾನವಾಗಿ. "ಸಿನಿಮಾ ಮುಗೀತು. ನಾನು ಗುರುವಾರ ವಾಪಸ್ ಬರ್ತೀನಿ. ಮಲ್ಲೇಶ್ವರದಲ್ಲಿ ಆಫೀಸು. ಇಬ್ಬರೂ ಬನ್ನಿ. ಇವರು ಹೇಳ್ಲಿ, ನೀವು ಬರೀರಿ."

"ನಮ್ಮ ಕನ್ನಡಿ ಕಥೆ, ಸರ್?"

"ಅದು ನಿಧಾನಕ್ಕೆ ನೋಡೋಣ ಸರ್."

ಅಂದರೆ ಇಷ್ಟು: ತನ್ನ ಕೈಯಿಂದ ಷಡ್ಡಕನ ಕಥೆ. ತೆರೆಯ ಮೇಲೆ ಮೊದಲು ಶ್ರೀಹರಿಯ ಹೆಸರು, ಅದರ ಕೆಳಗೆ ತನ್ನದು. ಬದರಿ ಸಂತೋಷವನ್ನೂ ಸಂಕಟವನ್ನೂ ಒಂದೇ ತುತ್ತಿನಲ್ಲಿ ಕಲಸಿಕೊಂಡವನ ಹಾಗೆ ಕೂತ. ಶ್ರೀಹರಿ ಅವನ ತೊಡೆಗೆ ಎಡಗೈಯಲ್ಲಿ ತಟ್ಟಿ, "ಭಾವ, ದೆವ್ವ ನಂದು, ಆತ್ಮ ನಿಮ್ದು," ಅಂದ. ಆ ಮಾತೂ ಚೆನ್ನಾಗಿತ್ತು, ಹಾಳಾದ್ದು.

ಹಿಂದೆ ಬಳೆ ಸದ್ದಾಯಿತು. ಉಪಚಾರಕ್ಕೆ ಬಂದ ರಂಗನಾಯಕಿ ಯಾವಾಗಿನಿಂದ ನಿಂತು ಕಥೆ ಕೇಳಿಸಿಕೊಂಡಿದ್ದರೋ. ಅಡುಗೆಮನೆಗೆ ತಾವೇ ಹೋಗಿ ಬಂದಿದ್ದರು, ಕೈಯಲ್ಲಿ ಒಬ್ಬಟ್ಟಿನ ತಟ್ಟೆ ಇತ್ತು.

"ಸಾಕು ಅತ್ತೆ," ಅಂದ ಬದರಿ. ಕೈ ಎಲೆಗೆ ಅಡ್ಡ ಹೋಯಿತು. ಬೆರಳುಗಳು ಬಿಡಿಸಿಕೊಂಡಿದ್ದವು.

ರಂಗನಾಯಕಿ ಬಗ್ಗಿದರು. ಅವನ ಕೈ ಸರಿಸಿ ಒಂದು ಹಾಕಿದರು. ಅದರ ಮೇಲೆ ಇನ್ನೊಂದು. ತುಪ್ಪ ಸುರಿದರು, ಅದು ಎಲೆಯಂಚಿಗೆ ಹರಿಯುವ ತನಕ ನಿಲ್ಲಿಸಲಿಲ್ಲ.

"ಅತ್ತೆ, ನಂಗೆ?" ಅಂದ ಶ್ರೀಹರಿ.

"ಖಾಲಿ ಆಯ್ತು," ಅಂದರು ರಂಗನಾಯಕಿ.

ಮಜ್ಜಿಗೆ ಬಂದು ಹೋಯಿತು. ಸಾಲಿನ ಎಲ್ಲರ ಊಟವೂ ಮುಗಿಯಿತು. ಶರಣ್ ಅವರ ಡ್ರೈವರು ಬಾಗಿಲಲ್ಲಿ ಬಂದು ನಿಂತು ಕೈಗಡಿಯಾರ ತೋರಿಸಿದ. ಶ್ರೀಹರಿ ಕುರ್ಚಿ ಹಿಂದಕ್ಕೆ ಸರಿಸಿ ಅರ್ಧ ಎದ್ದ.

"ಕೂತ್ಕೊಳ್ಳಿ," ಅಂದರು ರಂಗನಾಯಕಿ. "ನಮ್ಮ ಬದರಿದು ಇನ್ನೂ ಆಗಿಲ್ಲ. ಬದರಿ, ಸಾವಕಾಶವಾಗಿ ಊಟ ಮಾಡಿ."

ಶ್ರೀಹರಿ ಕೂತ. ಶರಣ್ ಕೂತೇ ಇದ್ದರು. ಎರಡು ಸಾಲಿನ ತುಂಬ ಎಂಜಲು ಕೈಗಳು ಎಲೆಯ ಮೇಲೆ ಒಣಗುತ್ತಿದ್ದವು, ಕಣ್ಣೆಲ್ಲ ಒಬ್ಬನ ಮೇಲಿತ್ತು. ಬದರಿ ಒಬ್ಬಟ್ಟಿನ ಅಂಚಿನಿಂದ ಒಂದು ಸಣ್ಣ ಚೂರು ಮುರಿದ. ತುಪ್ಪದಲ್ಲಿ ಅದ್ದಿದ. ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದ. ಇನ್ನೊಂದು ಚೂರು ಮುರಿದ, ಮೊದಲಿನದಕ್ಕಿಂತ ಸಣ್ಣದು. ಎದುರಿಗೆ ವಾಣಿಯ ಭುಜಗಳು ಸಣ್ಣಗೆ ಕುಣಿಯತೊಡಗಿದ್ದವು.

"ಭಾವ," ಅಂದ ಶ್ರೀಹರಿ, ಹಲ್ಲು ಕಚ್ಚಿ, "ಅವರಿಗೆ ಫ್ಲೈಟ್ ಇದೆ."

ಬದರಿ ಅವನ ಕಡೆ ನೋಡಲಿಲ್ಲ. ಬಕೆಟ್ ಹಿಡಿದು ಹೋಗುತ್ತಿದ್ದ ಬಡಿಸುವವನನ್ನು ಎಡಗೈ ಎತ್ತಿ ಕರೆದ.

"ಸ್ವಲ್ಪ ಸಾರು," ಅಂದ.